ಪ್ರಾಥಮಿಕ ಶಾಲಾ ಮಕ್ಕಳಿಗೆ ತಂಡ ವಿಜ್ಞಾನ ಸ್ಪರ್ಧೆ: ಒಂದು ದಿನದಲ್ಲಿ ನಡೆಸುವ ಬಗೆ

ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಿಜ್ಞಾನ ಸ್ಪರ್ಧೆ ಎಂದೊಡನೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ರೂಪಗಳು ಕಣ್ಣಮುಂದೆ ಬರುತ್ತವೆ: ಒಂದು ರಸಪ್ರಶ್ನೆ, ಇನ್ನೊಂದು ವಸ್ತು ಪ್ರದರ್ಶನ. ರಸಪ್ರಶ್ನೆಯಲ್ಲಿ ತಂಡದ ಹೆಸರಿನಲ್ಲಿ ಒಬ್ಬ ಚುರುಕಿನ ವಿದ್ಯಾರ್ಥಿ ಉತ್ತರ ಹೇಳುತ್ತಾನೆ, ಉಳಿದವರು ಅವನ ಮುಖ ನೋಡುತ್ತ ಕೂರುತ್ತಾರೆ. ವಸ್ತು ಪ್ರದರ್ಶನದಲ್ಲಿ ಥರ್ಮಾಕೋಲಿನ ಜ್ವಾಲಾಮುಖಿಯನ್ನು ಮನೆಯ ಹಿರಿಯರು ಕಟ್ಟಿಕೊಟ್ಟಿರುತ್ತಾರೆ, ಮಗು ಬಾಯಿಪಾಠವನ್ನು ಒಪ್ಪಿಸುತ್ತದೆ. ತಂಡ ಸ್ಪರ್ಧೆಯನ್ನು ಯೋಜಿಸುವವರು ಈ ಎರಡನ್ನೂ ಬದಿಗಿಟ್ಟು, ಒಂದೇ ಒಂದು ಪರೀಕ್ಷೆಯನ್ನು ಪ್ರತಿಯೊಂದು ಚಟುವಟಿಕೆಗೂ ಒಡ್ಡಬೇಕು: ತಂಡದ ಅತ್ಯಂತ ಜಾಣ ಮಗು ಒಂಟಿಯಾಗಿ ಇದನ್ನು ಮಾಡಿ ಮುಗಿಸಬಹುದೇ? ಮುಗಿಸಬಹುದಾದರೆ ಆ ಚಟುವಟಿಕೆಯನ್ನು ಕೈಬಿಡಬೇಕು ಅಥವಾ ಬದಲಾಯಿಸಬೇಕು.

ಅಮೆರಿಕದಲ್ಲಿ 1984ರಿಂದ ನಡೆಯುತ್ತಿರುವ ಸೈನ್ಸ್ ಒಲಿಂಪಿಯಾಡ್ ಈ ಬಗೆಯ ಸ್ಪರ್ಧೆಗೆ ಒಳ್ಳೆಯ ಮಾದರಿಯಾಗಿದೆ. ನಮ್ಮಲ್ಲಿ ಒಲಿಂಪಿಯಾಡ್ ಎಂದರೆ ಹೆಚ್ಚಿನ ಪೋಷಕರಿಗೆ ಓಎಂಆರ್ ಉತ್ತರಪತ್ರಿಕೆಯಲ್ಲಿ ವೃತ್ತಗಳಿಗೆ ಮಸಿ ತುಂಬುವ ಪರೀಕ್ಷೆ. ಅಲ್ಲಿ ಆ ಹೆಸರಿನಲ್ಲಿ ನಡೆಯುವುದು ಹಲವು ಚಟುವಟಿಕೆಗಳಲ್ಲಿ ತಂಡಗಳು ಕೈಯಾರೆ ಮಾಡಿ ತೋರಿಸುವ ಸ್ಪರ್ಧೆ. ಭಾರತದಲ್ಲಿ 1993ರಿಂದ ನಡೆದುಬಂದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವೂ ಮಕ್ಕಳು ಕೂಡಿ ಮಾಡುವ ಯೋಜನೆಗೆ ಬೆಲೆ ಕೊಡುತ್ತದೆ. ಆದರೆ ಅದು ಹತ್ತು ವರ್ಷ ತುಂಬಿದವರಿಗೆ, ಮತ್ತು ಅದಕ್ಕೆ ತಿಂಗಳುಗಟ್ಟಲೆ ಕೆಲಸ ಬೇಕು. ಇಲ್ಲಿ ವಿವರಿಸುತ್ತಿರುವುದು ಒಂದು ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಹತ್ತು ಶಾಲೆಗಳು, ನಾಲ್ಕರಿಂದ ಏಳನೆಯ ತರಗತಿಯವರೆಗಿನ ಮಕ್ಕಳು, ಒಂದೇ ದಿನ ಎಂಬ ಅಳತೆಯ ಸ್ಪರ್ಧೆಯನ್ನು. ಸರ್ ಸಿ.ವಿ. ರಾಮನ್ ತಮ್ಮ ಶೋಧವನ್ನು 1928ರಲ್ಲಿ ಪ್ರಕಟಿಸಿದ ದಿನವಾದ ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನವಾಗಿರುವುದರಿಂದ ಶಾಲೆಗಳಿಗೆ ಅದು ಅನುಕೂಲದ ದಿನ. ವಾರ್ಷಿಕ ಪರೀಕ್ಷೆಗೂ ಸ್ವಲ್ಪ ಬಿಡುವಿರುತ್ತದೆ, ಬಿಸಿಲೂ ಸಿಗುತ್ತದೆ. ಬಿಸಿಲು ಏಕೆ ಮುಖ್ಯವೆಂಬುದು ಮುಂದೆ ತಿಳಿಯುತ್ತದೆ.

ತಂಡ ಮತ್ತು ಸಿದ್ಧತೆ

ಒಂದು ಶಾಲೆಗೆ ಒಂದು ತಂಡ, ತಂಡಕ್ಕೆ ನಾಲ್ವರು, ನಾಲ್ಕು ತರಗತಿಗಳಿಂದ ಒಬ್ಬೊಬ್ಬರು, ಅವರಲ್ಲಿ ಕನಿಷ್ಠ ಇಬ್ಬರು ಹುಡುಗಿಯರು ಎಂಬ ನಿಯಮವನ್ನು ಸುತ್ತೋಲೆಯಲ್ಲೇ ಬರೆಯಬೇಕು. ಹೀಗೆ ಬರೆಯದಿದ್ದರೆ ಏಳನೆಯ ತರಗತಿಯ ಮೊದಲ ನಾಲ್ಕು ರ‍್ಯಾಂಕಿನವರೇ ತಂಡವಾಗಿ ಬರುತ್ತಾರೆ. ಲೋಲಕ, ಬಿಳಿ ಪುಡಿಗಳು, ಓದಿ ಕಟ್ಟು, ಸೇತುವೆ, ಎಲೆ ಎಂಬ ಐದು ಚಟುವಟಿಕೆಗಳಲ್ಲಿ ದಾಖಲೆ ಬರೆಯುವ ಕೆಲಸ ಒಬ್ಬರಲ್ಲೇ ಉಳಿಯಬಾರದು. ನಾಲ್ವರೂ ಒಮ್ಮೆಯಾದರೂ ಬರೆಯಬೇಕು, ಹಾಳೆಯ ಮೇಲೆ ಬರೆದವರ ಹೆಸರಿರಬೇಕು. ನಾಲ್ಕನೆಯ ತರಗತಿಯ ಮಗುವಿನ ಕಾಗುಣಿತ ತಪ್ಪಿಗೆ ಅಂಕ ಕಳೆಯಬಾರದು ಎಂಬುದನ್ನು ತೀರ್ಪುಗಾರರಿಗೆ ಮೊದಲೇ ಹೇಳಿರಬೇಕು.

ಸ್ಪರ್ಧೆಗೆ ಒಂದು ತಿಂಗಳ ಮೊದಲು ಐದು ಚಟುವಟಿಕೆಗಳ ಹೆಸರು, ಕೊಡಲಾಗುವ ಸಾಮಗ್ರಿ, ನಿಯಮ ಇವಿಷ್ಟನ್ನೂ ಎಲ್ಲ ಶಾಲೆಗಳಿಗೆ ಒಂದೇ ದಿನ ತಲುಪಿಸುವುದು ಒಳ್ಳೆಯದು. ಏನು ಕೇಳುತ್ತಾರೆ ಎಂಬುದನ್ನು ಗುಟ್ಟಾಗಿಟ್ಟರೆ ಟ್ಯೂಷನ್ನಿಗೆ ಹೋಗುವ ಮಕ್ಕಳಿಗೆ ಮಾತ್ರ ಲಾಭವಾಗುತ್ತದೆ. ಗುಟ್ಟಾಗಿಡಬೇಕಾದದ್ದು ಅಂದಿನ ಅಂಕಿಗಳನ್ನಷ್ಟೇ: ಯಾವ ಬಟ್ಟಲಿನಲ್ಲಿ ಯಾವ ಪುಡಿ, ಲೋಲಕ ನಿಮಿಷಕ್ಕೆ ಎಷ್ಟು ಸಲ ತೂಗಬೇಕು ಎಂಬಂಥವನ್ನು.

ಲೋಲಕ

ಪ್ರತಿ ತಂಡಕ್ಕೂ ಎರಡು ಮೀಟರ್ ಟ್ವೈನ್ ದಾರ, ಮೂರು ಕಬ್ಬಿಣದ ನಟ್ಟು, ಸೆಕೆಂಡಿನ ಮುಳ್ಳಿರುವ ಗಡಿಯಾರ ಕೊಟ್ಟು, ಉದಾಹರಣೆಗೆ 'ನಿಮಿಷಕ್ಕೆ ಸರಿಯಾಗಿ 40 ಸಲ ತೂಗುವ ಲೋಲಕವನ್ನು ಮಾಡಿರಿ' ಎಂದು ಹೇಳಬೇಕು. ಅಳತೆಪಟ್ಟಿ ಕೊಡಬಾರದು. ಹೋಗಿ ಮರಳಿ ಬಂದರೆ ಒಂದು ಎಂಬುದನ್ನು ನೀವೇ ತೋರಿಸಿಕೊಡಿ, ಇಲ್ಲವಾದರೆ ಅರ್ಧ ತಂಡಗಳು ಎರಡರಷ್ಟು ಎಣಿಸುತ್ತವೆ. ಒಬ್ಬರು ದಾರ ಹಿಡಿಯಬೇಕು, ಒಬ್ಬರು ಎಣಿಸಬೇಕು, ಒಬ್ಬರು ಗಡಿಯಾರ ನೋಡಬೇಕು, ಒಬ್ಬರು ಬರೆಯಬೇಕು. ಎಣಿಸುವವರೇ ಗಡಿಯಾರವನ್ನೂ ನೋಡಲು ಹೋದರೆ ಲೆಕ್ಕ ತಪ್ಪುತ್ತದೆ. ಹೀಗೆ ಕೆಲಸ ತಾನಾಗಿಯೇ ನಾಲ್ಕಾಗಿ ಒಡೆಯುವುದರಿಂದ ಐದು ಚಟುವಟಿಕೆಗಳಲ್ಲಿ ಇದು ನನಗೆ ಎಲ್ಲಕ್ಕಿಂತ ಮೆಚ್ಚಿನದು.

ಬಹುಪಾಲು ಮಕ್ಕಳು ಮೊದಲು ಮಾಡುವ ಕೆಲಸ ಇನ್ನೊಂದು ನಟ್ಟನ್ನು ಕಟ್ಟುವುದು. ಭಾರ ಹೆಚ್ಚಿದರೆ ಬೇಗ ತೂಗುತ್ತದೆ ಎಂಬ ನಂಬಿಕೆ ಸಹಜವಾದದ್ದೇ. ಎಣಿಸಿ ನೋಡಿದಾಗ ಲೆಕ್ಕ ಬದಲಾಗಿರುವುದಿಲ್ಲ. ಆ ಪ್ರಯತ್ನವನ್ನೂ ಅದರ ಫಲವನ್ನೂ ಹಾಳೆಯಲ್ಲಿ ಬರೆದ ತಂಡಕ್ಕೆ ಅಂಕವಿದೆ ಎಂದು ತೀರ್ಪುಗಾರರು ನೆನಪಿಡಬೇಕು. ಮೂರು ನಟ್ಟುಗಳನ್ನು ಒಂದರ ಕೆಳಗೊಂದು ಸರಮಾಲೆಯಂತೆ ಕಟ್ಟಿದರೆ ಮಾತ್ರ ಲೋಲಕದ ಉದ್ದವೇ ಹೆಚ್ಚಿದಂತಾಗಿ ಫಲಿತಾಂಶ ಗೊಂದಲಗೊಳ್ಳುತ್ತದೆ, ಆದ್ದರಿಂದ ಒಂದೇ ಕಡೆ ಗುಚ್ಛವಾಗಿ ಕಟ್ಟಲು ಹೇಳಬೇಕು. ತೂಗಾಟ ಒಂದು ಗೇಣಿನೊಳಗೆ ಇರಲಿ.

ತೀರ್ಪುಗಾರರ ಬಳಿ ಉತ್ತರ ಹೀಗಿರಬೇಕು. ತೂಗುವ ಬಿಂದುವಿನಿಂದ ನಟ್ಟಿನ ನಡುವಿನವರೆಗೆ ಉದ್ದ ಸುಮಾರು 99 ಸೆಂಟಿಮೀಟರ್ ಇದ್ದರೆ ನಿಮಿಷಕ್ಕೆ 30 ತೂಗಾಟ, 73 ಇದ್ದರೆ 35, 56 ಇದ್ದರೆ 40, 44 ಇದ್ದರೆ 45, ಸುಮಾರು 36 ಇದ್ದರೆ 50. ಐದು ಸರದಿಗೆ ಈ ಐದು ಗುರಿಗಳನ್ನು ಬದಲಿಸುತ್ತ ಹೋದರೆ ಮೊದಲು ಮುಗಿಸಿದವರು ಹೊರಗೆ ಬಂದು ಉತ್ತರ ಹೇಳಿಕೊಟ್ಟರೂ ಪ್ರಯೋಜನವಾಗುವುದಿಲ್ಲ. ಮೇಜಿನ ಎತ್ತರ 30ರ ಗುರಿಗೆ ಸಾಲದಾದ್ದರಿಂದ ದಾರವನ್ನು ಕಿಟಕಿಯ ಸರಳಿಗೆ ಕಟ್ಟುವ ವ್ಯವಸ್ಥೆ ಮಾಡಿ. ಕೊನೆಯಲ್ಲಿ ತೀರ್ಪುಗಾರರೇ ಪೂರ್ತಿ ಒಂದು ನಿಮಿಷ ಎಣಿಸಿ, ಗುರಿಗೂ ಅದಕ್ಕೂ ಇರುವ ವ್ಯತ್ಯಾಸವನ್ನು ಬರೆದುಕೊಳ್ಳಬೇಕು.

ಬಿಳಿ ಪುಡಿಗಳು

ಐದು ಬಟ್ಟಲುಗಳಲ್ಲಿ ಅಡುಗೆ ಸೋಡಾ, ಅಕ್ಕಿ ಹಿಟ್ಟು, ಪುಡಿ ಉಪ್ಪು, ಪುಡಿ ಮಾಡಿದ ಸಕ್ಕರೆ, ಸೀಮೆಸುಣ್ಣದ ಪುಡಿ ಇಟ್ಟು ಸಂಖ್ಯೆ ಮಾತ್ರ ಬರೆಯಬೇಕು. ಪರೀಕ್ಷಿಸಲು ನೀರು, ನಿಂಬೆರಸ, ಅರಿಸಿನ ಹಚ್ಚಿ ಒಣಗಿಸಿದ ಕಾಗದದ ಪಟ್ಟಿ, ನೀರು ಬೆರೆಸಿದ ಅಯೋಡಿನ್ ಸಾಕು. ಔಷಧದ ಅಂಗಡಿಯಲ್ಲಿ ಸಿಗುವ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಚಹಾದ ಬಣ್ಣ ಬರುವವರೆಗೆ ನೀರಿನಲ್ಲಿ ತೆಳುಗೊಳಿಸಿದರೆ ಪಿಷ್ಟವಿರುವ ಹಿಟ್ಟಿನ ಮೇಲೆ ಅದು ಕಪ್ಪುನೀಲಿಯಾಗುತ್ತದೆ. ಹನಿ ಹಾಕುವುದು ಮೇಜಿನ ಬಳಿಯ ಶಿಕ್ಷಕರ ಕೆಲಸ. ಯಾವ ಪುಡಿಗೆ, ಯಾವಾಗ ಎಂಬುದನ್ನು ಮಕ್ಕಳು ಹೇಳಬೇಕು. ರುಚಿ ನೋಡುವಂತಿಲ್ಲ ಎಂಬ ನಿಯಮವನ್ನು ದೊಡ್ಡದಾಗಿ ಬರೆದು ಅಂಟಿಸಿ, ನಾಲಿಗೆಗೆ ಬೆರಳು ಹೋದ ತಂಡಕ್ಕೆ ಆ ಪುಡಿಯ ಅಂಕ ಇಲ್ಲವೆಂದು ಮೊದಲೇ ತಿಳಿಸಬೇಕು.

ಈ ಚಟುವಟಿಕೆ ಕೆಡುವುದು ಸಾಮಗ್ರಿಯ ಸಣ್ಣ ವಿವರಗಳಲ್ಲಿ. ಅಂಗಡಿಯ ಐಸಿಂಗ್ ಸಕ್ಕರೆಯಲ್ಲಿ ಗಂಟು ಕಟ್ಟದಿರಲೆಂದು ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟವನ್ನು ಬೆರೆಸಿರುತ್ತಾರೆ, ಅದು ಅಯೋಡಿನ್ನಿಗೆ ನೀಲಿಯಾಗಿ ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಆದ್ದರಿಂದ ಮನೆಯ ಸಕ್ಕರೆಯನ್ನೇ ಮಿಕ್ಸಿಯಲ್ಲಿ ಪುಡಿ ಮಾಡಿಕೊಳ್ಳಬೇಕು. ಕೆಲವು ಸೀಮೆಸುಣ್ಣ ಜಿಪ್ಸಂನಿಂದ ಮಾಡಿದ್ದು, ನಿಂಬೆರಸಕ್ಕೆ ನೊರೆ ಬರುವುದಿಲ್ಲ. ಕೆಲವು ಕ್ಯಾಲ್ಸಿಯಂ ಕಾರ್ಬೊನೇಟಿನದು, ನೊರೆ ಬರುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿರುವುದು ಯಾವುದೆಂದು ಹಿಂದಿನ ದಿನವೇ ನೋಡಿಕೊಳ್ಳಿ. ನಿಂಬೆರಸ ಹಾಕಿದ ಬಟ್ಟಲಿಗೇ ಅಯೋಡಿನ್ ಹಾಕಿದರೆ ನಿಂಬೆಯ ಸಿ ಜೀವಸತ್ವವು ಅಯೋಡಿನ್ನಿನ ಬಣ್ಣವನ್ನು ಅಳಿಸಿಬಿಡುತ್ತದೆ, ಹಿಟ್ಟೂ ನೀಲಿಯಾಗುವುದಿಲ್ಲ. ಒಂದು ಪರೀಕ್ಷೆಗೆ ಒಂದು ಹೊಸ ಚಿಟಿಕೆ ಪುಡಿ ಎಂಬ ಶಿಸ್ತನ್ನು ಅಭ್ಯಾಸದ ದಿನಗಳಲ್ಲೇ ಕಲಿಸಬೇಕು.

ಉಪ್ಪು ಯಾವುದು, ಸಕ್ಕರೆ ಯಾವುದು ಎಂಬುದೇ ಕೊನೆಗೆ ಉಳಿಯುವ ಗಂಟು. ಎರಡೂ ನೀರಿನಲ್ಲಿ ಕರಗುತ್ತವೆ, ಎರಡಕ್ಕೂ ನೊರೆ ಬಾರದು, ಎರಡೂ ನೀಲಿಯಾಗವು. ಎರಡರ ದ್ರಾವಣವನ್ನೂ ಒಂದೊಂದು ತೊಟ್ಟು ಕಪ್ಪು ತಗಡಿನ ಮೇಲೆ ತೆಳುವಾಗಿ ಹರಡಿ ಬಿಸಿಲಿಗಿಟ್ಟರೆ, ಒಣಗಿದಾಗ ಉಪ್ಪಿನದರಲ್ಲಿ ಬಿಳಿ ಹರಳುಗಳು ಉಳಿಯುತ್ತವೆ, ಸಕ್ಕರೆಯದು ಅಂಟಂಟಾದ ಪೊರೆಯಾಗುತ್ತದೆ. ಈ ಕೆಲಸಕ್ಕೆ ಸಮಯ ಬೇಕು. ಅದನ್ನು ಮೊದಲೇ ಯೋಚಿಸಿ ತಗಡನ್ನು ಹೊರಗಿಟ್ಟು ಬಂದ ತಂಡ ಗೆಲ್ಲುತ್ತದೆ, ಕೊನೆಯ ಐದು ನಿಮಿಷದಲ್ಲಿ ಹೊಳೆದ ತಂಡಕ್ಕೆ ತೊಟ್ಟು ಒಣಗುವುದಿಲ್ಲ. ಪುಡಿಯ ಹೆಸರಿಗಿಂತ 'ಹಾಗೆಂದು ಹೇಗೆ ಗೊತ್ತಾಯಿತು' ಎಂಬ ಸಾಲಿಗೆ ಹೆಚ್ಚು ಅಂಕವಿರಲಿ.

ಓದಿ ಕಟ್ಟು

ಸೈನ್ಸ್ ಒಲಿಂಪಿಯಾಡಿನಲ್ಲಿ ಪ್ರಸಿದ್ಧವಾಗಿರುವ ಒಂದು ಚಟುವಟಿಕೆಯನ್ನು ಕನ್ನಡ ಶಾಲೆಗೆ ತಂದರೆ ಅದು ವಿಜ್ಞಾನಕ್ಕೂ ಭಾಷೆಗೂ ಏಕಕಾಲಕ್ಕೆ ಪರೀಕ್ಷೆಯಾಗುತ್ತದೆ. ಜೇಡಿಮಣ್ಣಿನ ಉಂಡೆ, ಕಡ್ಡಿಪೊರಕೆಯ ಕಡ್ಡಿ, ಬಾಟಲಿಯ ಮುಚ್ಚಳ, ಹುಣಸೆ ಬೀಜ, ಗುಂಡಿ ಇವುಗಳಿಂದ ಹನ್ನೆರಡು ತುಣುಕುಗಳ ಒಂದು ಆಕೃತಿಯನ್ನು ಕಟ್ಟಿ ಒಂದು ಕೋಣೆಯಲ್ಲಿ ಇಡಬೇಕು. ಇಬ್ಬರು ಅದನ್ನು ನೋಡಿ ಹನ್ನೆರಡು ನಿಮಿಷ ಬರೆಯಬೇಕು, ಚಿತ್ರ ಬಿಡಿಸುವಂತಿಲ್ಲ. ಇನ್ನೊಂದು ಕೋಣೆಯಲ್ಲಿರುವ ಇಬ್ಬರು ಆ ಬರಹವನ್ನಷ್ಟೇ ಓದಿ, ಅದೇ ಸಾಮಗ್ರಿಯಿಂದ ಅದೇ ಆಕೃತಿಯನ್ನು ಹನ್ನೆರಡು ನಿಮಿಷದಲ್ಲಿ ಕಟ್ಟಬೇಕು. ಸರಿಯಾದ ಜಾಗದಲ್ಲಿ ಕೂತ ಒಂದೊಂದು ತುಣುಕಿಗೂ ಒಂದಂಕ.

'ಕೆಂಪು ಮುಚ್ಚಳವನ್ನು ಪಕ್ಕದಲ್ಲಿ ಇಡು' ಎಂದು ಬರೆದರೆ ಓದುವವರಿಗೆ ಯಾವ ಪಕ್ಕ, ಎಷ್ಟು ದೂರ, ಮುಚ್ಚಳ ಬೋರಲೋ ಅಂಗಾತವೋ ಏನೂ ತಿಳಿಯುವುದಿಲ್ಲ. 'ಕೆಂಪು ಮುಚ್ಚಳವನ್ನು ಬೋರಲಾಗಿ, ದೊಡ್ಡ ಉಂಡೆಯ ಎಡಕ್ಕೆ, ಎರಡು ಬೆರಳಿನಷ್ಟು ಬಿಟ್ಟು ಇಡು' ಎಂದು ಬರೆಯುವ ಹಂತಕ್ಕೆ ಮಕ್ಕಳು ಎರಡು ವಾರದ ಅಭ್ಯಾಸದಲ್ಲಿ ಬರುತ್ತಾರೆ. ಯಾರ ಬೆರಳು ಎಂದು ಐದನೆಯ ತರಗತಿಯ ಮಗು ಜಗಳ ತೆಗೆದರೆ, ಅಳತೆಗೆ ಮಾನಕ ಏಕೆ ಬೇಕೆಂಬ ಪಾಠವನ್ನು ಶಿಕ್ಷಕರು ಪ್ರತ್ಯೇಕವಾಗಿ ಮಾಡಬೇಕಾಗಿಲ್ಲ. ಮನೆಯಲ್ಲಿ ಉರ್ದು, ತೆಲುಗು, ತುಳು ಅಥವಾ ಲಂಬಾಣಿ ಮಾತನಾಡುವ ಮಕ್ಕಳಿರುವ ತಂಡ ತನಗೆ ಬೇಕಾದ ಭಾಷೆಯಲ್ಲಿ, ಬೇಕಾದ ಲಿಪಿಯಲ್ಲಿ ಬರೆದುಕೊಳ್ಳಲು ಅಡ್ಡಿಯಿರಬಾರದು. ಅದನ್ನು ಓದುವವರು ಅವರದೇ ತಂಡದವರು.

ಸೇತುವೆ ಮತ್ತು ಎಲೆ

ಸೇತುವೆಯ ಸ್ಪರ್ಧೆ ಎಲ್ಲರಿಗೂ ಗೊತ್ತಿರುವಂಥದ್ದೇ. 20 ಸೆಂಟಿಮೀಟರ್ ಅಂತರದಲ್ಲಿಟ್ಟ ಎರಡು ಇಟ್ಟಿಗೆಗಳ ನಡುವೆ ಒಂದೇ ಎ4 ಹಾಳೆಯ ಸೇತುವೆ, ಅಂಟಿಲ್ಲ, ಕತ್ತರಿಯಿಲ್ಲ, ನಡುವೆ ಒಂದು ಕಾಗದದ ಲೋಟ, ಲೋಟಕ್ಕೆ ಒಂದೊಂದಾಗಿ ನಟ್ಟು. ಭಾರಕ್ಕೆ ನಾಣ್ಯ ಬಳಸಬಾರದು, ಏಕೆಂದರೆ ಬೇರೆ ಬೇರೆ ವರ್ಷ ಟಂಕಿಸಿದ ಒಂದು ರೂಪಾಯಿಗಳ ತೂಕ ಬೇರೆ ಬೇರೆ. ಎಲ್ಲ ತಂಡಗಳಿಗೂ ಒಂದೇ ಕಟ್ಟಿನ ಹಾಳೆ ಕೊಡಿ. ಮಲೆನಾಡಿನ ಶಾಲೆಯಲ್ಲಿ ವಾರದ ಹಿಂದೆ ಬಿಚ್ಚಿಟ್ಟ ಕಟ್ಟಿನ ಹಾಳೆ ತೇವ ಹೀರಿ ಮೆತ್ತಗಾಗಿರುತ್ತದೆ. 80 ಜಿಎಸ್ಎಂನ (ಚದರ ಮೀಟರಿಗೆ 80 ಗ್ರಾಂ ತೂಗುವ) ಒಂದು ಎ4 ಹಾಳೆ ಸರಿಸುಮಾರು ಐದು ಗ್ರಾಂ ತೂಗುತ್ತದೆಂಬುದನ್ನು ಮಕ್ಕಳಿಗೆ ಹೇಳಿಕೊಟ್ಟರೆ, ಹ್ಯಾಂಗರಿನಿಂದ ಮಾಡಿದ ತಕ್ಕಡಿಯಲ್ಲಿ ಹಾಳೆಗಳನ್ನೇ ತೂಕದ ಬಟ್ಟಾಗಿ ಬಳಸಿ ನಟ್ಟಿನ ತೂಕ ಕಂಡುಹಿಡಿದು, ಸೇತುವೆ ತನ್ನ ತೂಕದ ಎಷ್ಟು ಪಟ್ಟು ಹೊತ್ತಿತು ಎಂದು ಅವರೇ ಲೆಕ್ಕ ಹಾಕುತ್ತಾರೆ. ಮೇಲಿನಿಂದ ಮೊಟ್ಟೆ ಬೀಳಿಸಿ ಒಡೆಯದಂತೆ ಕಾಪಾಡುವ ಸ್ಪರ್ಧೆಯನ್ನು ಹಲವರು ಸೂಚಿಸುತ್ತಾರೆ. ಬಿಸಿಯೂಟದ ಮೊಟ್ಟೆಗಾಗಿ ಮಕ್ಕಳು ಸಾಲಿನಲ್ಲಿ ನಿಲ್ಲುವ ಅಂಗಳದಲ್ಲಿ ಅದನ್ನು ಮಾಡಲು ನನಗೆ ಮನಸ್ಸು ಬರುವುದಿಲ್ಲ.

ಎಲೆಯ ಚಟುವಟಿಕೆಯಲ್ಲಿ ಎರಡು ತಂಡಗಳು ಎದುರುಬದುರು ಕೂರುತ್ತವೆ. ಹನ್ನೆರಡು ಬಗೆಯ ಎಲೆಗಳನ್ನು ಒಂದು ತಂಡ ತನ್ನದೇ ನಿಯಮದಂತೆ ಎರಡು ಗುಂಪು ಮಾಡಿದರೆ, ಇನ್ನೊಂದು ತಂಡ ಹೌದು ಅಥವಾ ಅಲ್ಲ ಎಂಬ ಉತ್ತರದ ಆರು ಪ್ರಶ್ನೆಗಳೊಳಗೆ ಆ ನಿಯಮವನ್ನು ಕಂಡುಹಿಡಿಯಬೇಕು. ಬೇವು, ಹುಣಸೆ, ಹೊಂಗೆ, ಬಿಲ್ವ ಇವುಗಳ ಟೊಂಗೆಯ ತುಂಡುಗಳನ್ನು ತಪ್ಪದೆ ಸೇರಿಸಿ. ಬಿಲ್ವವನ್ನು ಮಕ್ಕಳು ಮೂರು ಎಲೆ ಎಂದೇ ಎಣಿಸುತ್ತಾರೆ. ತೊಟ್ಟು ಕೊಂಬೆಗೆ ಸೇರುವ ಕಂಕುಳಲ್ಲಿ ಮೊಗ್ಗಿರುತ್ತದೆ, ಕಿರುಎಲೆಯ ಬುಡದಲ್ಲಿ ಇರುವುದಿಲ್ಲ ಎಂಬುದನ್ನು ಭೂತಗನ್ನಡಿಯಲ್ಲಿ ತೋರಿಸಿದರೆ ಮೂರೂ ಸೇರಿ ಒಂದೇ ಎಲೆ ಎಂದು ತಾವೇ ತೀರ್ಮಾನಿಸುತ್ತಾರೆ. ಫೆಬ್ರವರಿಯಲ್ಲಿ ಕೆಲವು ಮರಗಳು ಎಲೆ ಉದುರಿಸಿರುವುದರಿಂದ ವಾರದ ಮೊದಲೇ ಊರನ್ನು ಸುತ್ತಿ ನೋಡಿಕೊಳ್ಳಬೇಕು. ಕಣಗಿಲೆ, ಎಕ್ಕ, ಗೇರು ಇವು ಬೇಡ. ಮೊದಲನೆಯದು ವಿಷ, ಉಳಿದೆರಡರ ಹಾಲು ಅಥವಾ ಸೊನೆ ಚರ್ಮವನ್ನೂ ಕಣ್ಣನ್ನೂ ಕೆಡಿಸುತ್ತದೆ.

ದಿನದ ವೇಳೆ ಮತ್ತು ಮಧ್ಯಾಹ್ನದ ನೆರಳು

ಐದು ಕೋಣೆ, ಐದು ಚಟುವಟಿಕೆ, ಒಂದೊಂದರಲ್ಲಿ ಎರಡೆರಡು ತಂಡ. ಮೂವತ್ತೈದು ನಿಮಿಷ ಕೆಲಸ, ಹತ್ತು ನಿಮಿಷ ಬದಲಾವಣೆ. ಓದಿ ಕಟ್ಟುವುದಕ್ಕೆ ಮಾತ್ರ ಒಂದು ಕೋಣೆ ಹೆಚ್ಚು ಬೇಕು. ಬೆಳಿಗ್ಗೆ 9.45ಕ್ಕೆ ಆರಂಭಿಸಿದರೆ ಹನ್ನೆರಡಕ್ಕೆ ಮೂರು ಸರದಿ ಮುಗಿಯುತ್ತವೆ, ಊಟದ ನಂತರ 1.30ರಿಂದ 3ರವರೆಗೆ ಉಳಿದ ಎರಡು. ಉದ್ಘಾಟನಾ ಭಾಷಣಗಳಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ, ಗಣ್ಯರು ಬಹುಮಾನದ ವೇಳೆಗೆ ಬಂದರೆ ಸಾಕು. ಪ್ರತಿ ಕೋಣೆಯ ಬಾಗಿಲಲ್ಲಿ ಸೀಮೆಸುಣ್ಣದ ಗೆರೆ ಎಳೆದು, ತಂಡದ ಜೊತೆ ಬಂದ ಶಿಕ್ಷಕರು ಅದರಾಚೆ ನಿಲ್ಲಬೇಕೆಂದು ಹೇಳಬೇಕು. ಒಂದು ಶಾಲೆಯ ಶಿಕ್ಷಕರು ತಮ್ಮ ತಂಡ ಬಂದ ಸರದಿಯಲ್ಲಿ ತೀರ್ಪುಗಾರರಾಗಿರಬಾರದು.

ಹನ್ನೆರಡರಿಂದ ಒಂದರ ನಡುವೆ ಅಂಗಳದಲ್ಲಿ ಸ್ಪರ್ಧೆಯಿಲ್ಲದ ಒಂದು ಕೆಲಸವನ್ನು ಎಲ್ಲ ನಲವತ್ತು ಮಕ್ಕಳೂ ಕೂಡಿ ಮಾಡಬಹುದು. ಒಂದು ಮೀಟರ್ ಕೋಲನ್ನು ತೂಗುಗುಂಡಿನಿಂದ ನೋಡಿ ನೆಟ್ಟಗೆ ನಿಲ್ಲಿಸಿ, ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಗುರುತು ಮಾಡುತ್ತ ಹೋದರೆ, ಬೆಂಗಳೂರಿನಲ್ಲಿ ಫೆಬ್ರವರಿ 28ರಂದು ಅತಿ ಗಿಡ್ಡ ನೆರಳು ಹನ್ನೆರಡಕ್ಕಲ್ಲ, ಸುಮಾರು 12.30ಕ್ಕೆ ಬೀಳುತ್ತದೆ. ಅದರ ಉದ್ದ ಸುಮಾರು 38 ಸೆಂಟಿಮೀಟರ್. ಬೀದರ್ ಹೆಚ್ಚುಕಡಿಮೆ ಬೆಂಗಳೂರಿನ ರೇಖಾಂಶದಲ್ಲೇ ಇರುವುದರಿಂದ ಅಲ್ಲಿಯೂ ಗಿಡ್ಡ ನೆರಳು ಅದೇ ಹೊತ್ತಿಗೆ ಬೀಳುತ್ತದೆ, ಆದರೆ ಅದು ಸುಮಾರು 49 ಸೆಂಟಿಮೀಟರ್ ಇರುತ್ತದೆ. ಬೀದರಿನ ಯಾವುದಾದರೂ ಶಾಲೆಯೊಂದಿಗೆ ಮೊದಲೇ ಮಾತಾಡಿಕೊಂಡು ಫೋನಿನಲ್ಲಿ ಅಳತೆ ಹಂಚಿಕೊಂಡರೆ, ಎರಡೂ ಕಡೆಯ ತ್ರಿಕೋನಗಳನ್ನು ಕಾಗದದ ಮೇಲೆ ಬಿಡಿಸಿ ಕೋನಮಾಪಕದಿಂದ ಅಳೆದಾಗ ಸುಮಾರು 5 ಡಿಗ್ರಿಯ ವ್ಯತ್ಯಾಸ ಸಿಗುತ್ತದೆ. ಎರಡು ಊರುಗಳ ನಡುವಿನ ನೇರ ದೂರ ಸುಮಾರು 550 ಕಿಲೋಮೀಟರ್. 5 ಡಿಗ್ರಿಗೆ 550 ಆದರೆ 360 ಡಿಗ್ರಿಗೆ ಎಷ್ಟು ಎಂಬ ತ್ರೈರಾಶಿಯನ್ನು ಏಳನೆಯ ತರಗತಿಯವರು ಮಾಡಬಲ್ಲರು. ಬರುವ ಉತ್ತರ 39,600. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿ ಅನುಸರಿಸಿದ ದಾರಿಯೂ ಇದೇ. ಕೋಲು ಒಂದಿಷ್ಟು ವಾಲಿದರೂ ಉತ್ತರ ಸಾವಿರಾರು ಕಿಲೋಮೀಟರ್ ತಪ್ಪುತ್ತದೆ, ಆಗ ತಪ್ಪು ಎಲ್ಲಾಯಿತೆಂದು ಹುಡುಕಲು ಮಕ್ಕಳನ್ನೇ ಬಿಡಬೇಕು.

ಅಂಕ

ಪ್ರತಿ ಚಟುವಟಿಕೆಗೆ 20 ಅಂಕ, ಅದರಲ್ಲಿ 12 ಫಲಿತಾಂಶಕ್ಕೆ, 8 ದಾಖಲೆಯ ಹಾಳೆಗೆ. ಆದರೆ ಐದರ ಅಂಕಗಳನ್ನು ಹಾಗೆಯೇ ಕೂಡಿಸಬಾರದು. ಸೇತುವೆಯಲ್ಲಿ ಒಂದು ತಂಡ ಅರವತ್ತು ನಟ್ಟು ಹೊರಿಸಿ ಇನ್ನೊಂದು ಎಂಟಕ್ಕೆ ಕುಸಿಯಬಹುದು, ಎಲೆಯಲ್ಲಿ ಎಲ್ಲರೂ ಹೆಚ್ಚುಕಡಿಮೆ ಸಮನಾಗಿರಬಹುದು. ನೇರವಾಗಿ ಕೂಡಿಸಿದರೆ ಸೇತುವೆಯೊಂದೇ ಇಡೀ ದಿನದ ತೀರ್ಪನ್ನು ಕೊಟ್ಟುಬಿಡುತ್ತದೆ. ಸೈನ್ಸ್ ಒಲಿಂಪಿಯಾಡಿನಲ್ಲಿ ಪ್ರತಿ ಚಟುವಟಿಕೆಯಲ್ಲಿ ತಂಡ ಪಡೆದ ಸ್ಥಾನದ ಸಂಖ್ಯೆಗಳನ್ನು ಕೂಡಿಸಿ, ಕಡಿಮೆ ಮೊತ್ತ ಬಂದವರನ್ನು ವಿಜೇತರೆನ್ನುತ್ತಾರೆ. ಕಡಿಮೆ ಬಂದವರು ಗೆದ್ದರೆಂದರೆ ಪೋಷಕರಿಗೆ ಗೊಂದಲವಾಗುವುದರಿಂದ, ಮೊದಲ ಸ್ಥಾನಕ್ಕೆ 10, ಕೊನೆಯದಕ್ಕೆ 1 ಎಂದು ತಿರುಗಿಸಿಕೊಂಡರೆ ಫಲ ಅದೇ. ಮೊತ್ತ ಸಮನಾದಾಗ ದಾಖಲೆಯ ಹಾಳೆಗಳ ಅಂಕ ನಿರ್ಣಾಯಕ.

ದಾಖಲೆಯ ಹಾಳೆಗೆ ಅಂಕ ಕೊಡುವಾಗ ತೀರ್ಪುಗಾರರು ತಂಡದಲ್ಲಿ ಅತಿ ಕಡಿಮೆ ಮಾತಾಡಿದ ಮಗುವಿಗೆ ಒಂದು ಪ್ರಶ್ನೆ ಕೇಳಬೇಕು: 'ನೀವು ಮೊದಲು ಏನು ಮಾಡಿದಿರಿ, ಆಮೇಲೆ ಅದನ್ನು ಏಕೆ ಬದಲಾಯಿಸಿದಿರಿ?' ಈ ಪ್ರಶ್ನೆ ಬರುತ್ತದೆಂದು ಶಾಲೆಗಳಿಗೆ ಮೊದಲೇ ಗೊತ್ತಿದ್ದರೆ, ಅಭ್ಯಾಸದ ವೇಳೆಯಲ್ಲಿ ದೊಡ್ಡ ಮಕ್ಕಳು ಚಿಕ್ಕವರಿಗೆ ವಿವರಿಸದೆ ಮುಂದೆ ಹೋಗುವುದಿಲ್ಲ.

ಮೂರರಿಂದ ಮೂರೂವರೆಯವರೆಗೆ ಅಂಕಗಳನ್ನು ಕೂಡಿಸುವಾಗ ಮಕ್ಕಳನ್ನು ಸುಮ್ಮನೆ ಕೂರಿಸದೆ, ಐದೂ ಕೋಣೆಗಳ ಉತ್ತರಗಳನ್ನು ಗೋಡೆಗೆ ಅಂಟಿಸಿ ನೋಡಲು ಬಿಡಿ; ತಕರಾರು ಇದ್ದರೆ ತಂಡದ ಮಕ್ಕಳೇ ಬಂದು ಹೇಳಬೇಕು, ಶಿಕ್ಷಕರಲ್ಲ. ಬಹುಮಾನದ ನಂತರ ಉಳಿದ ಹಾಳೆ, ದಾರ, ನಟ್ಟು, ಅರಿಸಿನದ ಪಟ್ಟಿಗಳನ್ನು ಹತ್ತು ಚೀಲಗಳಿಗೆ ಹಂಚಿ, ಚಟುವಟಿಕೆಗಳ ವಿವರವನ್ನೂ ಉತ್ತರವನ್ನೂ ಜೊತೆಗಿಟ್ಟು ಶಾಲೆಗೊಂದರಂತೆ ಕಳುಹಿಸಬೇಕು, ಏಕೆಂದರೆ ತಂಡದಲ್ಲಿ ಜಾಗ ಸಿಗದ ಮಕ್ಕಳು ಮರುದಿನ ತಮ್ಮ ತರಗತಿಯಲ್ಲಿ ಇವೇ ಐದನ್ನೂ ಮಾಡಬಹುದು. ಅಯೋಡಿನ್ ಬಾಟಲಿಯನ್ನು ಮಾತ್ರ ಚೀಲಕ್ಕೆ ಹಾಕದೆ ಶಿಕ್ಷಕರ ಕೈಗೇ ಕೊಡಬೇಕು.